ಕಲಂ 12: ಆದಾಯ ಪ್ರಮಾಣಪತ್ರ ಕೇಳುವ ಮೊದಲು

ಈ ವರ್ಷ ಲೀಗಲ್ ಏಡ್ ಕ್ಲಿನಿಕ್‌ನಲ್ಲಿ ಕೂರಲಿರುವ, ನನ್ನಂತೆ ಕಾನೂನು ಓದುತ್ತಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12 ಉಚಿತ ಕಾನೂನು ನೆರವು ಯಾರಿಗೆ ಸಿಗಬೇಕು ಅಂತ ಹೇಳುತ್ತದೆ. ಪುಸ್ತಕದಲ್ಲಿ ಅರ್ಧ ಪುಟ ಅಷ್ಟೇ. ನನಗೆ ಬಾಯಿಪಾಠ ಆಗಿತ್ತು. ಆದರೂ ಮೊದಲ ತಿಂಗಳಲ್ಲೇ ಅದನ್ನು ತಪ್ಪಾಗಿ ಬಳಸಿದೆ.

ಹುಬ್ಬಳ್ಳಿಯ ಒಂದು ಕ್ಲಿನಿಕ್, ಶನಿವಾರ. ನವಲಗುಂದದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಐವತ್ತರ ಆಸುಪಾಸಿನವರು. ಬಟ್ಟೆ ಅಂಗಡಿಯ ಚೀಲದಲ್ಲಿ ಹೊಲದ ಉತಾರ (ಪಹಣಿ), ಅಪ್ಪನ ಮರಣ ಪ್ರಮಾಣಪತ್ರ, ರೇಷನ್ ಕಾರ್ಡು ಇದ್ದವು. "ಅಪ್ಪ ತೀರಿಕೊಂಡ ಮ್ಯಾಲೆ ಹೊಲ ತಮ್ಮಂದಿರ ಹೆಸರಿಗೆ ಆಗೇತ್ರಿ. ಉತಾರದಾಗ ನನ್ನ ಹೆಸರಿಲ್ಲ. ಈಗ ಒಂದ್ ಸಹಿ ಮಾಡು ಅನ್ನಾಕತ್ತಾರ," ಅಂದರು. ನಾನು ಕೇಳಿದ ಮೊದಲ ಮಾತು, "ಆದಾಯ ಪ್ರಮಾಣಪತ್ರ ತಂದೀರೇನ್ರಿ ಅವ್ವಾರ?" ತಂದಿರಲಿಲ್ಲ. ನಾಡಕಚೇರಿಯಲ್ಲಿ ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದೆ. ಆ ಕಾಗದಕ್ಕಾಗಿ ಅವರ ಎರಡು ದಿನದ ಕೂಲಿ ಹೋಯಿತು. ಮುಂದಿನ ಶನಿವಾರ ನಮ್ಮ ಮಾರ್ಗದರ್ಶಕ ವಕೀಲರು ಅದನ್ನು ನೋಡಿ, "ಇದನ್ನ್ಯಾಕ ತರಿಸಿದಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಲಂ 12ರಲ್ಲಿ (ಎ)ಯಿಂದ (ಎಚ್)ವರೆಗೆ ಉಪವಿಧಿಗಳಿವೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಾನವ ಸಾಗಾಟ ಅಥವಾ ಜೀತಕ್ಕೆ ಸಿಕ್ಕವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ನೆರೆ, ಬರ, ಜಾತಿ ದೌರ್ಜನ್ಯದಂಥ ಕಷ್ಟಕ್ಕೆ ಸಿಕ್ಕವರು, ಕೈಗಾರಿಕಾ ಕಾರ್ಮಿಕರು, ಕಸ್ಟಡಿಯಲ್ಲಿ ಇರುವವರು. ಕೊನೆಯದು (ಎಚ್), ಆದಾಯ ಕಡಿಮೆ ಇರುವವರು. ಇವುಗಳ ನಡುವೆ ಇರುವುದು 'ಅಥವಾ'. ಒಂದರಲ್ಲಿ ಬಂದರೆ ಸಾಕು. ಆದಾಯದ ಮಿತಿ (ಎಚ್)ಗೆ ಮಾತ್ರ. ನನ್ನ ಎದುರು ಕೂತಿದ್ದವರು ಹೆಂಗಸು, ಅಂದರೆ (ಸಿ). ಹೊಲ ಇದ್ದರೂ, ಮಗನಿಗೆ ನೌಕರಿ ಇದ್ದರೂ ಅವರಿಗೆ ಹಕ್ಕಿದೆ. ನಾವು 'ಉಚಿತ' ಅಂದ ಕೂಡಲೇ 'ಬಡವರಿಗೆ' ಅಂತ ಓದಿಕೊಳ್ಳುತ್ತೇವೆ, ಅಲ್ವಾ? ನಾನು ಎಡವಿದ್ದು ಅಲ್ಲೇ.

(ಎಚ್) ಅಡಿ ಬಂದವರನ್ನೂ ಸುಮ್ನೆ ಓಡಾಡಿಸಬೇಕಿಲ್ಲ. ಕಲಂ 13(2) ಓದಿ. ಆದಾಯದ ಬಗ್ಗೆ ಅರ್ಜಿದಾರರು ಕೊಟ್ಟ ಅಫಿಡವಿಟ್ಟನ್ನೇ ಸಾಕು ಅಂತ ಪರಿಗಣಿಸಬಹುದು, ಅದನ್ನು ನಂಬದಿರಲು ಪ್ರಾಧಿಕಾರಕ್ಕೆ ಕಾರಣ ಇಲ್ಲದಿದ್ದರೆ. ಪರೀಕ್ಷೆಗೆ ಓದುವಾಗ ಈ ಸಾಲನ್ನು ನಾವೆಲ್ಲ ದಾಟಿಕೊಂಡು ಹೋಗುತ್ತೇವೆ. ಕ್ಲಿನಿಕ್‌ನಲ್ಲಿ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಇನ್ನು ಅವರ ಹೊಲದ ಮಾತು. ಉತಾರದಲ್ಲಿ ಹೆಸರಿಲ್ಲ ಅಂದರೆ ಹಕ್ಕೇ ಇಲ್ಲ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಉತಾರ ಕಂದಾಯದ ದಾಖಲೆ. ಅದರಲ್ಲಿ ಹೆಸರು ಬದಲಾದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ 9 ಸೆಪ್ಟೆಂಬರ್ 2005ರಂದು ಜಾರಿಗೆ ಬಂತು. ಅದರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ 20 ಡಿಸೆಂಬರ್ 2004ಕ್ಕೆ ಮೊದಲೇ ರಿಜಿಸ್ಟರ್ ಆದ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿದ್ದರೆ ಅದು ಹಾಗೇ ಉಳಿಯುತ್ತದೆ. ಅಪ್ಪನ ಸ್ವಂತ ಗಳಿಕೆಯ ಹೊಲವಾದರೆ ಲೆಕ್ಕ ಬೇರೆ. ಉಯಿಲು ಇದೆಯಾ ನೋಡಬೇಕು. ಇಲ್ಲದಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಪ್ಪನ ತಾಯಿ ಇದ್ದರೆ ಅವರು, ಎಲ್ಲರಿಗೂ ಸಮಪಾಲು.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎಡಗಡೆ ಅವರು ಹೇಳಿದ್ದು, ಬಲಗಡೆ ಕಾಗದ ಹೇಳುವುದು, ಹೀಗೆ ಬರೆದುಕೊಳ್ಳುತ್ತೇನೆ. ಎಡಗಡೆ 'ಅಪ್ಪನ ಹೊಲ' ಅಂತಿತ್ತು. ಬಲಗಡೆ ನೋಡಿದರೆ ಒಂದು ಸರ್ವೆ ನಂಬರ್ ಅಜ್ಜನಿಂದ ಬಂದಿದ್ದು, ಇನ್ನೊಂದು ಅಪ್ಪ ಖರೀದಿ ಮಾಡಿದ್ದು. ಒಂದೇ ಉತ್ತರ ಎರಡಕ್ಕೂ ಸಲ್ಲುವುದಿಲ್ಲ. ಮೂಲ ಕಾಗದಗಳ ಝೆರಾಕ್ಸ್ ಮಾಡಿಸಿ ಅಲ್ಲೇ ವಾಪಸ್ ಕೊಡಿ. ಅವರ ಕಥೆಯನ್ನು ಚಿಗರಿ ಬಸ್ಸಿನಲ್ಲಿ ಗೆಳತಿಗೂ ಹೇಳಬೇಡಿ. ಹುಬ್ಬಳ್ಳಿ-ಧಾರವಾಡ ದೊಡ್ಡದು ಅನ್ನಿಸಿದರೂ ಯಾರ ಬೀಗರು ಯಾರ ಹಿಂದೆ ಕೂತಿರುತ್ತಾರೋ ಗೊತ್ತಾಗುವುದಿಲ್ಲ.

"ಸಹಿ ಮಾಡ್ಲ್ಯೋ ಬ್ಯಾಡೋ, ನೀನ ಹೇಳ ಯವ್ವಾ" ಅಂತ ಅವರು ನನ್ನ ಕೈ ಹಿಡಿದರು. ನನಗೆ ಉತ್ತರ ಗೊತ್ತಿದೆ ಅನ್ನಿಸಿತ್ತು. ಆದರೆ ನಾವಿನ್ನೂ ವಕೀಲರಲ್ಲ. ವಕೀಲರ ಕಾಯ್ದೆ, 1961ರ ಕಲಂ 33ರ ಪ್ರಕಾರ ಕೋರ್ಟಿನಲ್ಲಿ ನಿಲ್ಲುವುದು ನಮ್ಮ ಕೆಲಸವಲ್ಲ, ವಕಾಲತ್ತು ಹಾಕುವುದು ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರು. ಸಲಹೆಯನ್ನೂ ಮಾರ್ಗದರ್ಶಕರ ಎದುರಿನಲ್ಲೇ ಕೊಡಬೇಕು. ಅವರನ್ನೇ ಕರೆದೆ. ಕಾಗದ ನಾವು ಓದುವವರೆಗೂ ಎಲ್ಲೂ ಸಹಿ ಬೇಡ, ಹೆಬ್ಬೆಟ್ಟೂ ಬೇಡ ಅಂತ ಅವರು ಹೇಳಿದರು. ಹಕ್ಕು ಬಿಟ್ಟುಕೊಟ್ಟ ಪತ್ರ ಒಮ್ಮೆ ರಿಜಿಸ್ಟರ್ ಆದರೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಆಮೇಲೆ ಆ ಹೆಣ್ಣುಮಗಳು ಹೇಳಿದ ಮಾತು ನನ್ನ ನೋಟ್‌ಬುಕ್ಕಿನ ಯಾವ ಕಡೆಗೂ ಹೊಂದಲಿಲ್ಲ. "ಕೇಸ್ ಹಾಕಿದ್ರ ಪಂಚಮಿಗೆ ಕರಿಯಾಕ ಯಾರ ಬರ್ತಾರ್ರಿ?" ಪಾಲೂ ಬೇಕು, ತವರೂ ಬೇಕು. ಇದನ್ನು ಭಾವುಕತೆ ಅಂತ ಪಕ್ಕಕ್ಕಿಡಬೇಡಿ. ಕಕ್ಷಿದಾರರಿಗೆ ಏನು ಬೇಕು ಅನ್ನುವುದೂ ನಾವು ಬರೆದುಕೊಳ್ಳಬೇಕಾದ ಸಂಗತಿಯೇ. ಅವರ ಮಾತಿನಿಂದಲೇ ನಮ್ಮ ಅರ್ಜಿಯ ದಾರಿ ಬದಲಾಯಿತು. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆದೆವು. ತಮ್ಮಂದಿರು ಒಪ್ಪದಿದ್ದರೆ ಕೋರ್ಟಿನ ದಾರಿ ತೆರೆದೇ ಇರುತ್ತದೆ, ಅಲ್ಲಿಯೂ ಉಚಿತ ವಕೀಲರನ್ನು ಕೇಳಬಹುದು.

ಒಪ್ಪಿದರೆ ಮಾತ್ರ ಜಾಸ್ತಿ ಎಚ್ಚರ ಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 21ರ ಪ್ರಕಾರ ಲೋಕ ಅದಾಲತ್‌ನ ತೀರ್ಪು ಸಿವಿಲ್ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. 'ಅಕ್ಕನಿಗೆ ಅವಳ ಪಾಲು ಕೊಡುವುದು' ಅಂತ ಬರೆದರೆ ಸಾಲದು. ಸರ್ವೆ ನಂಬರ್, ಎಕರೆ, ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬಾವಿಯ ನೀರು, ಹೊಲಕ್ಕೆ ಹೋಗುವ ದಾರಿ, ಎಲ್ಲ ಬರಬೇಕು. ಬರೆದದ್ದನ್ನು ಅವರಿಗೆ ಅವರ ಮಾತಿನಲ್ಲೇ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ.