ಮನೆಯಲ್ಲೇ ಕಟ್ಟಿದ ಬೋಟಿಗೆ ಎಷ್ಟು ಎಚ್‌ಪಿ ಎಂಜಿನ್ ಸಾಕು?

ಪ್ರಶ್ನೆ: ನಾನು ಮಂಡ್ಯದವನು. ಮನೆ ಹಿಂದಿನ ಶೆಡ್ಡಿನಲ್ಲಿ ಮೆರೀನ್ ಪ್ಲೈವುಡ್ ತಂದು 18 ಅಡಿ ಉದ್ದದ ಬೋಟ್ ಕಟ್ಟುತ್ತಿದ್ದೇನೆ. ಪುಟ್ಟ ಕ್ಯಾಬಿನ್ ಇದೆ. ನಾಲ್ಕು ಜನ ಕೂತು ನಿಧಾನವಾಗಿ ಸುತ್ತಾಡಬೇಕು, ಅಷ್ಟೇ. ಕೆಲವರು 40 ಎಚ್‌ಪಿ ಹಾಕಿ ಅಂತಾರೆ, ಕೆಲವರು 10 ಸಾಕು ಅಂತಾರೆ. ಯಾವ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ನೇತುಹಾಕುವ ಎಂಜಿನ್) ಹಾಕಿದರೆ ಪೆಟ್ರೋಲ್ ಕಮ್ಮಿ ಕುಡಿಯುತ್ತೆ ಸಾರ್?

ಉತ್ತರ: 10 ಸಾಕು. ಫೋರ್-ಸ್ಟ್ರೋಕ್ ತಗೊಳ್ಳಿ. ‘ನಿಧಾನವಾಗಿ’ ಅಂತ ನೀವೇ ಬರೆದಿದ್ದೀರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

ನೀರನ್ನು ಸೀಳಿಕೊಂಡು ಹೋಗುವ ಬೋಟಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಬರುವುದು ನಾಟ್ ಲೆಕ್ಕದ ವೇಗ. ನಿಮ್ಮ 18 ಅಡಿಯಲ್ಲಿ ನೀರಿಗೆ ತಾಗುವುದು 16 ಅಡಿ ಅಂದುಕೊಳ್ಳೋಣ. ಸುಮಾರು 5.4 ನಾಟ್ ಆಯಿತು, ಅಂದರೆ ಗಂಟೆಗೆ 10 ಕಿಲೋಮೀಟರ್. ಅದನ್ನು ಮೀರಿ ಥ್ರಾಟಲ್ ತಿರುಗಿಸಿದರೆ ಬೋಟಿನ ಹಿಂಭಾಗ ಕುಕ್ಕರಿಸಿ ಕೂರುತ್ತದೆ, ಮೂತಿ ಆಕಾಶ ನೋಡುತ್ತದೆ. ಹಿಂದೆ ದೊಡ್ಡ ಅಲೆ ಏಳುತ್ತದೆ. ನೋಡೋಕೆ ಭರ್ಜರಿ, ಆದರೆ ನಿಮ್ಮ ಪೆಟ್ರೋಲೆಲ್ಲ ಆ ಅಲೆ ಎಬ್ಬಿಸುವುದಕ್ಕೇ ಹೋಗುತ್ತಿರುತ್ತದೆ.

40 ಎಚ್‌ಪಿ ಬೇಕಾಗುವುದು ಬೋಟು ನೀರಿನ ಮೇಲೆ ಎದ್ದು ಜಾರಬೇಕು ಅನ್ನುವವರಿಗೆ. ಅದಕ್ಕೆ ತಳವೂ ಬೇರೆ ಥರ ಇರಬೇಕು, ಬೋಟು ಹಗುರವೂ ಇರಬೇಕು. ಕ್ಯಾಬಿನ್, ನಾಲ್ಕು ಜನ, ಬುತ್ತಿ, ನೀರಿನ ಕ್ಯಾನು ಎಲ್ಲ ಹೊತ್ತ ನಿಮ್ಮ ಬೋಟಿಗೆ ಆ ಆಸೆ ಬೇಡ. 40ರ ಫೋರ್-ಸ್ಟ್ರೋಕ್ ಎಂಜಿನ್ನೇ 100 ಕೆಜಿ ಹತ್ತಿರ ತೂಗುತ್ತದೆ. ಹಿಂಭಾಗದಲ್ಲಿ ಇನ್ನೊಬ್ಬ ದಪ್ಪ ಆಸಾಮಿ ಸದಾ ಕೂತಿದ್ದಂತೆ.

ಈಗ ಪೆಟ್ರೋಲ್ ಲೆಕ್ಕ. ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ಒಂದು ಎಚ್‌ಪಿಯನ್ನು ಒಂದು ಗಂಟೆ ಕೊಡಲು ಹೆಚ್ಚುಕಮ್ಮಿ 300 ಎಂಎಲ್ ಸುಡುತ್ತದೆ. ನಿಮ್ಮಂಥ ಬೋಟನ್ನು 10 ಕಿಲೋಮೀಟರ್ ವೇಗದ ಹತ್ತಿರ ತಳ್ಳಲು ನಾಲ್ಕೈದು ಎಚ್‌ಪಿ ಸಾಕು. ಗಂಟೆಗೆ ಒಂದೂವರೆ ಲೀಟರ್ ಅನ್ನಿ. ವೇಗವನ್ನು 8ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ತಲುಪುವುದು ತಡವಾದರೂ, ಅಷ್ಟೇ ದೂರಕ್ಕೆ ಮೂರನೇ ಒಂದು ಭಾಗ ಪೆಟ್ರೋಲ್ ಉಳಿಯುತ್ತದೆ. ಯಾವ ಕಂಪನಿ ಎಂಜಿನ್ ಹಾಕಿದರೂ ಇಷ್ಟು ಉಳಿತಾಯ ಸಿಗಲ್ಲ.

ಟೂ-ಸ್ಟ್ರೋಕ್ ಹಗುರ, ಅಗ್ಗ, ರಿಪೇರಿ ಸುಲಭ. ಆದರೆ ಕಾರ್ಬೊರೇಟರ್ ಇರುವ ಟೂ-ಸ್ಟ್ರೋಕ್‌ನಲ್ಲಿ ಒಳಗೆ ಹೋದ ಪೆಟ್ರೋಲಿನ ಕಾಲು ಭಾಗದಷ್ಟು ಸುಡದೆಯೇ ಹೊಗೆಯ ಜೊತೆ ಹೊರಗೆ ಹೋಗಬಹುದು. ಹೋಗಿ ಸೇರುವುದು ನೀರಿಗೆ. ನಾವು ಕುಡಿಯುವ ನೀರಿಗೆ ಅಲ್ವಾ?

ನಮ್ಮ ಕಡೆಯವರು ಮರೆಯುವ ಇನ್ನೊಂದು ವಿಷಯ ಎತ್ತರ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ಪ್ರತಿ 1000 ಅಡಿಗೆ ಶೇ 3ರಷ್ಟು ಶಕ್ತಿ ಕಮ್ಮಿಯಾಗುತ್ತದೆ. 10 ಎಚ್‌ಪಿ ಎಂಜಿನ್ ಇಲ್ಲಿ ಒಂಬತ್ತು ಚಿಲ್ಲರೆ. ಅದೇನೋ ಪರವಾಗಿಲ್ಲ, ತೊಂದರೆ ಇರುವುದು ಕಾರ್ಬೊರೇಟರಿನಲ್ಲಿ. ಒಮ್ಮೆ ಸ್ನೇಹಿತರೊಬ್ಬರು ಕರಾವಳಿಯಿಂದ ಹಳೇ ಎಂಜಿನ್ ತಂದರು. ಅಲ್ಲಿ ಗಡಿಯಾರದಂತೆ ಓಡುತ್ತಿತ್ತಂತೆ. ಇಲ್ಲಿ ತಂದು ಎರಡು ದಿನ ಓಡಿಸಿ ಪ್ಲಗ್ ಬಿಚ್ಚಿದೆವು. ಸೌದೆ ಒಲೆ ಮೇಲಿನ ಪಾತ್ರೆಯ ತಳದಂತೆ ಮಸಿ. ಬೆರಳು ಒರೆಸಿದರೆ ಕಪ್ಪು ಜಿಡ್ಡು. ಸಮುದ್ರದ ಮಟ್ಟಕ್ಕೆ ಹೊಂದಿಸಿದ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು), ಇಲ್ಲಿಯ ಗಾಳಿಗೆ ಜಾಸ್ತಿ ಪೆಟ್ರೋಲ್ ಬಿಡುತ್ತಿತ್ತು. ಜೆಟ್ ಬದಲಿಸಿದ ಮೇಲೆ ಸರಿಹೋಯಿತು. ಇಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಅಳೆದು ಬಿಡುವ ಎಂಜಿನ್ ಆದರೆ ಇದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಸುಜುಕಿಯ ಡಿಎಫ್9.9ಬಿಯಲ್ಲಿ ಬ್ಯಾಟರಿ ಇಲ್ಲದೆಯೂ ಕೆಲಸ ಮಾಡುವ ಇಎಫ್‌ಐ ಇದೆ, ಹಗ್ಗ ಎಳೆದರೆ ಸಾಕು. ದುಡ್ಡು ಜಾಸ್ತಿ, ಆದರೂ ನನ್ನ ಮತ ಅಂಥದ್ದಕ್ಕೇ.

ಕರಾವಳಿಯ ಸೆಕೆಂಡ್‌ಹ್ಯಾಂಡ್ ಎಂದರೆ ಇನ್ನೊಂದು ಎಚ್ಚರಿಕೆ: ಅಲ್ಲಿನ ನಾಡದೋಣಿಗಳಲ್ಲಿ ಸೀಮೆಎಣ್ಣೆ ಎಂಜಿನ್‌ಗಳೂ ಇರುತ್ತವೆ. ಕೇಳಿ ತಗೊಳ್ಳಿ.

ಪ್ರೊಪೆಲ್ಲರ್ ಬಗ್ಗೆ ಯಾರೂ ಕೇಳುವುದಿಲ್ಲ. ಕಬ್ಬಿನ ಲೋಡ್ ಎಳೆಯುವ ಟ್ರ್ಯಾಕ್ಟರನ್ನು ಏರಿನಲ್ಲಿ ಟಾಪ್ ಗೇರಿನಲ್ಲಿ ಓಡಿಸುತ್ತೀರಾ? ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ಲೆಕ್ಕದ ದೂರ) ಜಾಸ್ತಿ ಇರುವ ಪ್ರೊಪೆಲ್ಲರನ್ನು ಭಾರದ ಬೋಟಿಗೆ ಹಾಕಿದರೆ ಅದೇ ಆಗುತ್ತದೆ. ಅಗಲ ಜಾಸ್ತಿ, ಪಿಚ್ ಕಮ್ಮಿ ಇರುವುದನ್ನು ಕೇಳಿ. ಪೂರ್ತಿ ಲೋಡ್ ಹಾಕಿ ಫುಲ್ ಥ್ರಾಟಲ್ ಕೊಟ್ಟಾಗ ಎಂಜಿನ್ ತನ್ನ ಪುಸ್ತಕದಲ್ಲಿ ಬರೆದ ಆರ್‌ಪಿಎಂ ಮುಟ್ಟಬೇಕು. ಸಾಮಾನ್ಯವಾಗಿ ಅದು 5000ದಿಂದ 6000. ಮುಟ್ಟದಿದ್ದರೆ ಪಿಚ್ ಒಂದು ಇಂಚು ಇಳಿಸಿ. ಹೈ-ಥ್ರಸ್ಟ್ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. ಯಮಹಾದ ಟಿ9.9ನಲ್ಲಿ ಗೇರ್ ಅನುಪಾತ 2.92, ಅಂದರೆ ಎಂಜಿನ್ 2.92 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು; ಮಾಮೂಲಿ ಎಫ್9.9ನಲ್ಲಿ 2.08. ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗುತ್ತದೆ, ಭಾರದ ಬೋಟಿಗೆ ಹೇಳಿ ಮಾಡಿಸಿದ್ದು.

ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಬಹಳಷ್ಟು ಔಟ್‌ಬೋರ್ಡ್‌ಗಳ ಪುಸ್ತಕದಲ್ಲಿ ಇ10ವರೆಗೆ ಅಂತಲೇ ಇರುತ್ತದೆ, ಡೀಲರನ್ನು ಮೊದಲೇ ಕೇಳಿ. ಎಥೆನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ.

ಹಾಂ, ಅನುಮತಿ. ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ್ದು, ಸುಮ್ನೆ ಬೋಟ್ ಇಳಿಸುವಂತಿಲ್ಲ. ಕಬಿನಿ ಹಿನ್ನೀರಾದರೆ ಅರಣ್ಯ ಇಲಾಖೆಯನ್ನೂ ಕೇಳಬೇಕು. ಎಂಜಿನ್ ಬೋಟುಗಳ ನೋಂದಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಎಂಜಿನ್ನಿಗೆ ಅಡ್ವಾನ್ಸ್ ಕೊಡುವ ಮೊದಲೇ ಇದನ್ನೆಲ್ಲ ವಿಚಾರಿಸಿ.

ಕೊನೆಗೆ, ಎಂಜಿನ್ ನೇತುಹಾಕುವ ಹಿಂದಿನ ಹಲಗೆ. ಔಟ್‌ಬೋರ್ಡಿನ ಶಾಫ್ಟ್ 15 ಇಂಚು ಅಥವಾ 20 ಇಂಚು ಬರುತ್ತದೆ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಗಡು ಬೋಟಿನ ತಳದ ಸಮಕ್ಕೆ, ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು. ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆಯುತ್ತದೆ, ಕೆಳಗಾದರೆ ಸುಮ್ಮನೆ ನೀರು ಎಳೆದಾಡುತ್ತದೆ. ನೀವು ಆ ಹಲಗೆ ಇನ್ನೂ ಕೊಯ್ದಿಲ್ಲ ಅಂದರೆ 20 ಇಂಚಿಗೇ ಕೊಯ್ಯಿರಿ.