ಈದ ಕುರಿಯ ಮೂಗು, ಮರಿಯ ಗುರುತು

ಸಂಜೆ ಮಂದೆ ರೊಪ್ಪಕ್ಕೆ ಮರಳಿದಾಗ ಪ್ರತಿ ತಾಯಿಯೂ ತನ್ನ ಮರಿಗಷ್ಟೇ ಹಾಲೂಡಿಸಿ, ಬೇರೆ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಹಾಯ್ದು ಓಡಿಸುವುದು ಕುರಿಗಾಹಿಗಳಿಗೆ ಹೊಸದೇನಲ್ಲ. ದೂರದಿಂದ ದನಿಯೂ ಮುಖವೂ ಗುರುತು ಹಿಡಿಯಲು ನೆರವಾಗುತ್ತವೆ. ಕುರಿಗಳು ಐವತ್ತು ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಗಳಿಗೂ ಹೆಚ್ಚು ಕಾಲ ನೆನಪಿಡಬಲ್ಲವೆಂದು ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. ಆದರೆ ಹಾಲು ಕೊಡಬೇಕೇ ಬೇಡವೇ ಎಂಬ ಕೊನೆಯ ತೀರ್ಮಾನ ಮೂಗಿನದು. ಮೊಲೆಯುಣ್ಣುವ ಮರಿಯ ಬಾಲದ ಬುಡವನ್ನು ತಾಯಿ ಮೂಸುವುದು ಅದಕ್ಕಾಗಿಯೇ.

ಈ ಗುರುತು ಮೂಡುವುದು ಈದ ಮೊದಲ ಕೆಲವೇ ಗಂಟೆಗಳಲ್ಲಿ. ಮರಿ ಹೊರಬರುವಾಗ ಜನನಮಾರ್ಗ ಹಿಗ್ಗುವುದರಿಂದ ತಾಯಿಯ ಮೆದುಳಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ, ಆ ಹೊತ್ತಿಗೆ ಮೂಗಿಗೆ ಬಂದ ಮರಿಯ ವಾಸನೆ ನೆನಪಿನಲ್ಲಿ ಅಚ್ಚೊತ್ತುತ್ತದೆ. ಬೇರೆ ದಿನಗಳಲ್ಲಿ ಗರ್ಭನೀರಿನ ವಾಸನೆಗೆ ಮುಖ ತಿರುಗಿಸುವ ಕುರಿ, ಈಯುವ ಹೊತ್ತಿನಲ್ಲಿ ಮಾತ್ರ ಅದನ್ನೇ ಆಸೆಯಿಂದ ನೆಕ್ಕುತ್ತದೆ. ಆದ್ದರಿಂದ ಹುಟ್ಟಿದ ಮರಿಯನ್ನು ಬಟ್ಟೆಯಿಂದ ಒರೆಸಿ ಶುಚಿ ಮಾಡುವ ಆತುರ, ಎಷ್ಟೇ ಕಾಳಜಿಯದ್ದಾದರೂ, ನನ್ನ ದೃಷ್ಟಿಯಲ್ಲಿ ಅಪಾಯದ್ದು. ಮೂಗು, ಬಾಯಿಯ ಲೋಳೆ ತೆಗೆದು, ಉಸಿರಾಟ ಸರಿಯಿದೆಯೆಂದು ಖಚಿತವಾದರೆ ಮರಿಯನ್ನು ತಾಯಿಯ ಮುಂದಿಟ್ಟು ಹಿಂದೆ ಸರಿಯಬೇಕು. ಕೊರೆಯುವ ಚಳಿಯಲ್ಲಿ ಒರೆಸಲೇಬೇಕಾದರೆ ಬೆನ್ನನ್ನಷ್ಟೇ ಒರೆಸಿದರೆ ಸಾಕು. ಶಸ್ತ್ರಚಿಕಿತ್ಸೆಯಿಂದ ಮರಿ ತೆಗೆದಾಗ ಜನನಮಾರ್ಗ ಹಿಗ್ಗಿರುವುದಿಲ್ಲವಾದ್ದರಿಂದ, ತಾಯಿಗೆ ಎಚ್ಚರವಾಗುತ್ತಿದ್ದಂತೆ ಗರ್ಭನೀರನ್ನು ಅದರ ಮೂತಿಗೆ ಸವರಿ ಮರಿಯನ್ನು ಹತ್ತಿರ ತರುವುದು ನಮ್ಮ ರೂಢಿ. ಚೊಚ್ಚಲ ಕುರಿಗಳಲ್ಲಿ ಇನ್ನಷ್ಟು ತಾಳ್ಮೆ ಬೇಕು.

ಅವಳಿ ಮರಿಗಳಲ್ಲಿ ಎರಡನೆಯದು ಹುಟ್ಟುವಷ್ಟರಲ್ಲಿ ಮೊದಲನೆಯದು ದೂರ ಸರಿದರೆ ತಾಯಿ ಅದನ್ನು ಪರಕೀಯವೆಂದೇ ಬಗೆಯಬಹುದು. ಈಯಲು ಹತ್ತಿರವಾದ ಬೇರೆ ಕುರಿಗಳು ಅಂಥ ಮರಿಯನ್ನು ಕದಿಯುವುದೂ ಉಂಟು. ಹೀಗಾಗಿ ಈದ ಕುರಿಯನ್ನು ಮರಿಗಳೊಡನೆ ಒಂದೆರಡು ದಿನ ಪ್ರತ್ಯೇಕವಾಗಿ ಕಟ್ಟುವುದು ಲೇಸು.

ತಬ್ಬಲಿ ಮರಿಯನ್ನು ಮರಿ ಸತ್ತ ತಾಯಿಗೆ ಹೊಂದಿಸುವ ಹಳೆಯ ಉಪಾಯವೂ ಇದೇ ಮೂಗನ್ನು ನಂಬಿದ್ದು. ಸತ್ತ ಮರಿಯ ಚರ್ಮವನ್ನು ಅಂಗಿಯಂತೆ ತಬ್ಬಲಿಗೆ ತೊಡಿಸಿದರೆ, ಬಾಲದ ಬುಡ ಮುಚ್ಚುವಂತಿದ್ದರೆ, ತಾಯಿ ಮೂಸಿ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಎರಡು-ಮೂರು ದಿನಗಳಲ್ಲಿ, ಕೊಳೆಯುವ ಮೊದಲೇ, ಅದನ್ನು ತೆಗೆಯಬೇಕು. ಮರಿ ಕಾಯಿಲೆಯಿಂದ ಸತ್ತಿದ್ದರೆ ಅದರ ಚರ್ಮವನ್ನು ಬಳಸಲೇಬಾರದು.