ಸಿಂಕೊ ದೆ ಮಾಯೊ: ಪುಯೆಬ್ಲಾದ ಯುದ್ಧ ಸ್ಪ್ಯಾನಿಷ್ ತರಗತಿಯ ಪಾಠವಾದ ಬಗೆ

ಮೇ ತಿಂಗಳು ಸಮೀಪಿಸಿದಂತೆ ಆನ್‌ಲೈನ್ ಸ್ಪ್ಯಾನಿಷ್ ತರಗತಿಗಳಲ್ಲಿ ಸಿಂಕೊ ದೆ ಮಾಯೊ, ಅಂದರೆ ಮೇ 5ರ ಹಬ್ಬದ ಪಾಠ ಬರುತ್ತದೆ. ಸೊಂಬ್ರೆರೊ ಟೋಪಿ, ಮಾರಿಯಾಚಿ ಸಂಗೀತ, ಟಾಕೊಗಳ ಚಿತ್ರಗಳ ನಡುವೆ, ಇದು ಮೆಕ್ಸಿಕೋದ ಸ್ವಾತಂತ್ರ್ಯ ದಿನವಲ್ಲ ಎಂಬ ತಿದ್ದುಪಡಿಯೂ ಇರುತ್ತದೆ. ತಿದ್ದುಪಡಿ ಸರಿಯಾದದ್ದೇ. 1810ರಲ್ಲಿ ಪಾದ್ರಿ ಮಿಗೆಲ್ ಇದಾಲ್ಗೊ ದೊಲೊರೆಸ್ ಊರಿನಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ಬಂಡಾಯಕ್ಕೆ ಕರೆ ಕೊಟ್ಟ ಸೆಪ್ಟೆಂಬರ್ 16 ಅಲ್ಲಿನ ಸ್ವಾತಂತ್ರ್ಯ ದಿನ. ಆದರೆ ಮೇ 5 ಏನಲ್ಲ ಎಂದು ಹೇಳಿ ಮುಗಿಸುವ ಪಾಠ, ಅದು ಏನು ಎಂಬಲ್ಲಿಗೆ ಬರುವಷ್ಟರಲ್ಲಿ ಅವಸರಕ್ಕೆ ಬೀಳುತ್ತದೆ.

ಮೂರು ವರ್ಷಗಳ ಅಂತರ್ಯುದ್ಧದಿಂದ ಬರಿದಾದ ಬೊಕ್ಕಸವನ್ನು ಕಂಡು ಅಧ್ಯಕ್ಷ ಬೆನಿತೊ ಹುವಾರೆಸ್ 1861ರ ಜುಲೈನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನು ಎರಡು ವರ್ಷ ತಡೆಹಿಡಿದರು. ವಸೂಲಿಗೆಂದು ಬ್ರಿಟನ್, ಫ್ರಾನ್ಸ್, ಸ್ಪೇನ್ ಮೂರೂ ವೆರಾಕ್ರೂಸ್ ಬಂದರಿಗೆ ಸೇನೆ ಕಳುಹಿಸಿದವು. ಬ್ರಿಟನ್ ಮತ್ತು ಸ್ಪೇನ್ ಮಾತುಕತೆ ನಡೆಸಿ ಹಿಂದಿರುಗಿದವು. ಸಾಲಕ್ಕಿಂತ ಸಾಮ್ರಾಜ್ಯದ ಮೇಲೆ ಕಣ್ಣಿಟ್ಟಿದ್ದ ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನ ಪಡೆ ಮಾತ್ರ ಒಳನಾಡಿಗೆ ನಡೆಯಿತು. ಅದರ ನಾಯಕ ಲೊರೆನ್ಸೆಗೆ ತನ್ನ ಆರು ಸಾವಿರ ಸೈನಿಕರಿಂದಲೇ ಮೆಕ್ಸಿಕೋ ಕೈವಶವಾದಂತೆ ಎಂಬ ಭರವಸೆಯಿತ್ತು. 1862ರ ಮೇ 5ರಂದು ಪುಯೆಬ್ಲಾ ನಗರದ ಲೊರೆತೊ ಮತ್ತು ಗ್ವಾದಲೂಪೆ ಕೋಟೆಗಳ ಬಳಿ ಇಗ್ನಾಸಿಯೊ ಸಾರಗೊಸಾ ನೇತೃತ್ವದ ಚಿಕ್ಕ ಸೇನೆ, ಬೆಟ್ಟಗಾಡಿನ ಮೂಲನಿವಾಸಿಗಳನ್ನೂ ಒಳಗೊಂಡಿದ್ದ ಆ ಸೇನೆ, ಫ್ರೆಂಚರನ್ನು ಹಿಮ್ಮೆಟ್ಟಿಸಿತು. ಗೆಲುವು ಬಹುಕಾಲ ಉಳಿಯಲಿಲ್ಲ. ಮರುವರ್ಷ ಪುಯೆಬ್ಲಾ ಬಿದ್ದಿತು, ರಾಜಧಾನಿಯೂ ಕೈತಪ್ಪಿತು. ಫ್ರೆಂಚರು ಪಟ್ಟಕ್ಕೆ ತಂದ ಮ್ಯಾಕ್ಸಿಮಿಲಿಯನ್‌ನ ಆಳ್ವಿಕೆ 1867ರಲ್ಲಿ ಕೆರೆತಾರೊದಲ್ಲಿ ಅವನ ಮರಣದಂಡನೆಯೊಂದಿಗೆ ಕೊನೆಗೊಂಡಿತು.

ಸಾಮಾನ್ಯ ಪಾಠ ಇಷ್ಟಕ್ಕೇ ನಿಲ್ಲುತ್ತದೆ. ಹಬ್ಬ ಬೆಳೆದ ಕಥೆ ಶುರುವಾಗುವುದು ಬೇರೆ ಕಡೆ, ಕ್ಯಾಲಿಫೋರ್ನಿಯಾದಲ್ಲಿ. ಅಮೆರಿಕದೊಂದಿಗಿನ 1848ರ ಒಪ್ಪಂದದವರೆಗೆ ಆ ಪ್ರದೇಶ ಮೆಕ್ಸಿಕೋದ್ದೇ ಆಗಿತ್ತು. ಅನಂತರ ಚಿನ್ನದ ಗಣಿಗಳನ್ನು ಅರಸಿ ಬಂದ ಮೆಕ್ಸಿಕನ್ನರೂ ಮಧ್ಯ ಮತ್ತು ದಕ್ಷಿಣ ಅಮೆರಿಕದವರೂ ಅಲ್ಲಿ ನೆಲೆಸಿದ್ದರು. ಅಮೆರಿಕದಲ್ಲಿ ಆಗ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆಯುತ್ತಿತ್ತು. ದಕ್ಷಿಣದ ಗುಲಾಮಗಿರಿ ರಾಜ್ಯಗಳ ಬಗ್ಗೆ ಒಲವಿದ್ದ ನೆಪೋಲಿಯನ್‌ನ ಸೇನೆ ಸೋತ ಸುದ್ದಿ ಬಂದಾಗ, ಅಲ್ಲಿನ ಸ್ಪ್ಯಾನಿಷ್ ಭಾಷಿಕರಿಗೆ ಅದು ಎರಡು ಯುದ್ಧಗಳಿಗೂ ಸೇರಿದ ಗೆಲುವಾಗಿ ಕಂಡಿತು. ಕೊಲಂಬಿಯಾ ಎಂಬ ಗಣಿ ಊರಿನಲ್ಲಿ ಜನ ಬಂದೂಕು ಹಾರಿಸಿ, ಹಾಡಿ, ಭಾಷಣ ಮಾಡಿ ಸಂಭ್ರಮಿಸಿದರು. ಊರೂರಿಗೆ ಹುಟ್ಟಿದ ದೇಶಭಕ್ತ ಸಭೆಗಳು ಹುವಾರೆಸ್ ಪಕ್ಷಕ್ಕಾಗಿ ಚಂದಾ ಎತ್ತಿದವು. ಅಂದಿನ ಸ್ಪ್ಯಾನಿಷ್ ಪತ್ರಿಕೆಗಳನ್ನು ಜಾಲಾಡಿ ಈ ಅಧ್ಯಾಯವನ್ನು ಬೆಳಕಿಗೆ ತಂದವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಹೇಯ್ಸ್-ಬೌತಿಸ್ತಾ. ಅವರ ವಾದದಂತೆ ಇದು ಮೆಕ್ಸಿಕೋದಿಂದ ವಲಸೆ ಬಂದ ಹಬ್ಬವಲ್ಲ, ಅಮೆರಿಕದ ನೆಲದಲ್ಲೇ ಹುಟ್ಟಿದ್ದು. ಅಮೆರಿಕನ್ನರ ಸಿಂಕೊ ದೆ ಮಾಯೊ ನಕಲಿ ಎಂದು ಮೂಗು ಮುರಿಯುವವರಿಗೆ ಇದು ತಕ್ಕ ಉತ್ತರ.

ಮುಂದಿನ ನೂರು ವರ್ಷಗಳಲ್ಲಿ ಯುದ್ಧದ ನೆನಪು ಮಸುಕಾಗಿ ಆಚರಣೆ ಉಳಿಯಿತು, 1960ರ ದಶಕದ ಚಿಕಾನೊ ಚಳವಳಿ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರ ಹಕ್ಕುಗಳ ಹೋರಾಟ, ಅದನ್ನು ಅಸ್ಮಿತೆಯ ದಿನವಾಗಿ ಎತ್ತಿಕೊಂಡಿತು, 1980ರ ದಶಕದಲ್ಲಿ ಬಿಯರ್ ಜಾಹೀರಾತುಗಳು ಅದನ್ನು ಪಾನಗೋಷ್ಠಿಯ ದಿನವಾಗಿಸಿದವು. ಮೆಕ್ಸಿಕೋದಲ್ಲಿ ಪುಯೆಬ್ಲಾದ ಮೆರವಣಿಗೆ ಮತ್ತು ರಾಜಧಾನಿಯ ಪೆನ್ಯೊನ್ ದೆ ಲೊಸ್ ಬಾನ್ಯೊಸ್ ಬಡಾವಣೆಯವರು ಆಡುವ ಯುದ್ಧದ ಮರುನಟನೆಯನ್ನು ಬಿಟ್ಟರೆ ಸಡಗರ ಕಡಿಮೆ. ಶಾಲೆಗಳಿಗೆ ರಜೆ ಇರುತ್ತದೆ. ಆದರೆ ಅಲ್ಲಿನ ಕಾರ್ಮಿಕ ಕಾನೂನಿನ ಕಡ್ಡಾಯ ರಜೆಗಳ ಪಟ್ಟಿಯಲ್ಲಿ ಈ ದಿನವಿಲ್ಲ.

ತರಗತಿಯೊಳಗೆ ಹಬ್ಬ ಬರಲು ಕಾರಣವಿದೆ. ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ವಿದೇಶಿ ಭಾಷಾ ಬೋಧನೆಯ ಮಾನದಂಡಗಳು ಸಂಸ್ಕೃತಿಯನ್ನು ವ್ಯಾಕರಣದಷ್ಟೇ ಮುಖ್ಯ ಅಂಗವನ್ನಾಗಿ ಮಾಡಿದವು. ಒಂದು ಜನಸಮುದಾಯ ತಯಾರಿಸುವ ವಸ್ತು, ಅದರ ಆಚರಣೆ, ಅವುಗಳ ಹಿಂದಿನ ದೃಷ್ಟಿ, ಈ ಮೂರನ್ನೂ ಸೇರಿಸಿ ಕಲಿಸಬೇಕೆಂದವು. ಪರದೆಯ ಮೇಲೆ ವಸ್ತುವನ್ನು ತೋರಿಸುವುದು ಸುಲಭ, ದೃಷ್ಟಿಯನ್ನು ಕಲಿಸುವುದು ಕಷ್ಟ. ಅದರ ಮೇಲೆ, ಕಲಿಸುವವರು ಬೊಗೊತಾದಲ್ಲೋ ಮ್ಯಾಡ್ರಿಡ್‌ನಲ್ಲೋ ಕುಳಿತಿರಬಹುದು. ಅವರಿಗೆ ಈ ಹಬ್ಬ ತಮ್ಮದಲ್ಲ. ಮ್ಯಾಡ್ರಿಡ್‌ನವರ ದೇಶವಂತೂ 1861ರಲ್ಲಿ ವೆರಾಕ್ರೂಸ್‌ಗೆ ಹಡಗು ಕಳುಹಿಸಿದ್ದೇ. ಲ್ಯಾಟಿನ್ ಅಮೆರಿಕದ ಗ್ರಾಹಕರ ಕೆಲಸಕ್ಕಾಗಿ ಸ್ಪ್ಯಾನಿಷ್ ಕಲಿಯುವ ಬೆಂಗಳೂರಿನ ಉದ್ಯೋಗಿಗೂ, ಅಮೆರಿಕದ ವಿದ್ಯಾರ್ಥಿಗಳಿಗೆಂದು ಮಾಡಿದ ಸ್ಲೈಡುಗಳೇ ತಲುಪಬಹುದು.

ಒಳ್ಳೆಯ ಪಾಠ ಅಸಾಧ್ಯವೇನಲ್ಲ. ಸ್ಪ್ಯಾನಿಷ್‌ನ ಎರಡು ಭೂತಕಾಲಗಳನ್ನು ಅಭ್ಯಾಸ ಮಾಡಿಸಲು ಪುಯೆಬ್ಲಾ ಯುದ್ಧ ಹೇಳಿ ಮಾಡಿಸಿದ ವಸ್ತು: ಮಳೆ ಸುರಿಯುತ್ತಿತ್ತು ಎಂಬುದಕ್ಕೆ 'ಯೊವಿಯಾ', ಫ್ರೆಂಚರು ದಾಳಿ ಮಾಡಿದರು ಎಂಬುದಕ್ಕೆ 'ಅತಾಕಾರೊನ್'. ಅಂದು ಮಧ್ಯಾಹ್ನ ಜೋರು ಮಳೆ ಬಂದು ದಾಳಿಕೋರರು ಇಳಿಜಾರಿನ ಕೆಸರಿನಲ್ಲಿ ಜಾರಿದ್ದು ನಿಜವೇ ಆದ್ದರಿಂದ, ಉದಾಹರಣೆಗಾಗಿ ಕಥೆ ಹೆಣೆಯುವ ಅಗತ್ಯವೂ ಇಲ್ಲ. ಅದೇ ವಾಕ್ಯಗಳನ್ನು ಮುಂದಿನ ತರಗತಿಯಲ್ಲಿ ಕ್ಯಾಲಿಫೋರ್ನಿಯಾದ ಕೊಲಂಬಿಯಾ ಊರಿನ ಗಣಿ ಕಾರ್ಮಿಕರಿಗೆ ಅನ್ವಯಿಸಿದರೆ, ಸುದ್ದಿ ಬಂದಾಗ ಅವರು ಏನು ಮಾಡುತ್ತಿದ್ದರು, ಆಮೇಲೆ ಏನು ಮಾಡಿದರು ಎಂದು ವಿದ್ಯಾರ್ಥಿಗಳೇ ಬರೆಯಬಹುದು. ಆದರೆ ಅದಕ್ಕೆ ಎರಡನೆಯ ತರಗತಿ ಬೇಕು, ಮತ್ತು ಹೆಚ್ಚಿನ ಪಠ್ಯಕ್ರಮಗಳು ಈ ಹಬ್ಬಕ್ಕೆ ಕೊಡುವುದು ಒಂದನ್ನು ಮಾತ್ರ.